ಟೇಪ್ ಬದಲಾವಣೆಯ ಸ್ವಯಂಚಾಲನೆ: ಬ್ಯಾಕಪ್‌ನಿಂದ ದತ್ತಾಂಶ ಮರಳಿ ಪಡೆಯುವಲ್ಲಿ

ಬ್ಯಾಕಪ್ ಟೇಪ್‌ಗಳಿಂದ ದತ್ತಾಂಶವನ್ನು ಮರಳಿ ಪಡೆಯುವಾಗ ಒಂದು ಟೇಪ್ ಓದಿ ಮುಗಿದ ಕೂಡಲೇ ಮುಂದಿನದನ್ನು ಮನುಷ್ಯರ ಕೈ ಸೋಕದಂತೆ ಡ್ರೈವ್‌ಗೆ ಏರಿಸುವ ವ್ಯವಸ್ಥೆಗೆ ಟೇಪ್ ಬದಲಾವಣೆಯ ಸ್ವಯಂಚಾಲನೆ ಎನ್ನುತ್ತಾರೆ. ಇದಕ್ಕೆ ಮೂರು ಅಂಗಗಳಿವೆ: ಕಾರ್ಟ್ರಿಜ್‌ಗಳನ್ನು ಎತ್ತಿಡುವ ಯಂತ್ರ, ಆ ಯಂತ್ರಕ್ಕೆ ಆಜ್ಞೆ ಕೊಡುವ ತಂತ್ರಾಂಶ, ಯಾವ ಕಡತ ಯಾವ ಟೇಪಿನ ಯಾವ ಜಾಗದಲ್ಲಿದೆ ಎಂದು ಬರೆದಿಟ್ಟ ಕ್ಯಾಟಲಾಗ್. ನೋಡುವವರ ಕಣ್ಣು ಹೋಗುವುದು ಯಂತ್ರದ ಕಡೆಗೆ. ಆದರೆ ಕ್ಯಾಟಲಾಗ್ ಇಲ್ಲದೆ ಹೋದರೆ ಉಳಿದೆರಡೂ ಕುರುಡು.

ಬ್ಯಾಕಪ್ ಮಾಡುವಾಗಲೂ ಟೇಪ್ ಬದಲಾಗುತ್ತದೆ, ರೀಸ್ಟೋರ್ ಮಾಡುವಾಗಲೂ, ಅಂದರೆ ಮರಳಿ ಪಡೆಯುವಾಗಲೂ, ಬದಲಾಗುತ್ತದೆ. ಆದರೆ ಎರಡೂ ಒಂದೇ ಕೆಲಸವಲ್ಲ. ಬರೆಯುವಾಗ ಟೇಪ್ ತುಂಬಿದರೆ ಖಾಲಿ ಇರುವ ಇನ್ನೊಂದು ಯಾವುದಾದರೂ ಆದೀತು. ಓದುವಾಗ ಆ ದಿನ ಬರೆದ ಅದೇ ಟೇಪ್ ಬೇಕು. ಒಂದೇ ಕಡತ ಹಲವು ಟೇಪ್‌ಗಳಿಗೆ ಹರಡಿಕೊಂಡಿದ್ದರೆ ಅವು ಅದೇ ಕ್ರಮದಲ್ಲಿ ಬೇಕು. ಬರೆಯುವ ಕೆಲಸ ದಿನವೂ ರಾತ್ರಿ ನಡೆದು ರೂಢಿಯಾಗಿರುತ್ತದೆ. ಮರಳಿ ಪಡೆಯುವ ಕೆಲಸ ಬರುವುದು ಅಪರೂಪಕ್ಕೆ, ಅದೂ ಏನೋ ಹಾಳಾಗಿ ಎಲ್ಲರೂ ಗಾಬರಿಯಲ್ಲಿರುವ ದಿನ. ಆದ್ದರಿಂದ ಟೇಪ್ ಬದಲಾವಣೆಯ ವ್ಯವಸ್ಥೆಯನ್ನು ರೀಸ್ಟೋರ್‌ನ ಕಡೆಯಿಂದ ನೋಡಿ ಕಟ್ಟಬೇಕು ಎಂಬುದು ಈ ಕ್ಷೇತ್ರದ ಮೊದಲ ಪಾಠ.

ಏಕೆ ಬೇಕು

ಇಂದು ಹೆಚ್ಚು ಬಳಕೆಯಲ್ಲಿರುವ ಟೇಪ್ ಎಲ್‌ಟಿಒ ಮಾದರಿಯದು. ಅದರ 8ನೇ ಪೀಳಿಗೆಯ ಒಂದು ಕಾರ್ಟ್ರಿಜ್‌ನಲ್ಲಿ ಸಂಕುಚನವಿಲ್ಲದೆ 12 ಟೆರಾಬೈಟ್ ಹಿಡಿಯುತ್ತದೆ. ಡ್ರೈವ್ ಪೂರ್ಣ ವೇಗದಲ್ಲಿ ಸೆಕೆಂಡಿಗೆ 360 ಮೆಗಾಬೈಟ್ ಓದುತ್ತದೆ. ಅಂದರೆ ತುಂಬಿದ ಒಂದು ಟೇಪನ್ನು ಮೊದಲಿನಿಂದ ಕೊನೆಯವರೆಗೆ ಓದಲು ಸುಮಾರು 9 ಗಂಟೆ 15 ನಿಮಿಷ ಬೇಕು.

ಒಂದು ಕಚೇರಿಯ 40 ಟೆರಾಬೈಟ್ ದತ್ತಾಂಶ ಇಂಥ ನಾಲ್ಕು ಟೇಪ್‌ಗಳಲ್ಲಿದೆ ಎಂದುಕೊಳ್ಳೋಣ. ಡ್ರೈವ್ ಒಂದೇ. ಟೇಪ್ ಬದಲಿಸುವವರು ರಜೆಯಿಲ್ಲದೆ ದಿನವೂ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಇರುತ್ತಾರೆ. ಶುಕ್ರವಾರ ಸಂಜೆ 6ಕ್ಕೆ ಮೊದಲ ಟೇಪ್ ಹಾಕಿದರೆ ಅದು ಶನಿವಾರ ನಸುಕಿನ 3.15ಕ್ಕೆ ಮುಗಿಯುತ್ತದೆ. ಬೆಳಿಗ್ಗೆ 9ರವರೆಗೆ ಡ್ರೈವ್ ಸುಮ್ಮನೆ ಕೂತಿರುತ್ತದೆ. ಎರಡನೆಯ ಟೇಪ್ ಮುಗಿಯುವುದು ಸಂಜೆ 6.15ಕ್ಕೆ, ಕಾಲು ಗಂಟೆ ಮೊದಲೇ ಆಪರೇಟರ್ ಮನೆಗೆ ಹೊರಟಾಗಿದೆ. ಮೂರನೆಯದಕ್ಕೂ ಇದೇ ಗತಿ. ಎಲ್ಲ ಮುಗಿದಾಗ ಸೋಮವಾರ ಮಧ್ಯಾಹ್ನ 12 ದಾಟಿರುತ್ತದೆ. ಇದೇ ಕೆಲಸವನ್ನು ಟೇಪ್ ತಾನಾಗಿ ಬದಲಾಗುವ ಯಂತ್ರದಲ್ಲಿ ಮಾಡಿದರೆ ಶನಿವಾರ ನಡುರಾತ್ರಿ ಕಳೆದು ಭಾನುವಾರ ನಸುಕಿನ ಒಂದು ಗಂಟೆಯ ಹೊತ್ತಿಗೆ ಮುಗಿದಿರುತ್ತದೆ. ಓದುವ ವೇಗ ಎರಡರಲ್ಲೂ ಒಂದೇ. ನಷ್ಟವಾದ ಸುಮಾರು 35 ಗಂಟೆಗಳು ಮೂರು ಸಲ ಟೇಪ್ ಬದಲಿಸಲು ಕಾದ ಸಮಯ. ಬೆಂಗಳೂರಿನಂಥ ಊರಿನಲ್ಲಿ ಕೂತು ಬೇರೆ ಖಂಡದ ಡೇಟಾ ಸೆಂಟರ್ ನೋಡಿಕೊಳ್ಳುವವರಿಗೆ ಈ ಮಾತು ಇನ್ನೂ ಚೆನ್ನಾಗಿ ತಿಳಿದಿದೆ: ಅವರ ಕೈ ಆ ಡ್ರೈವ್‌ವರೆಗೆ ಚಾಚುವುದೇ ಇಲ್ಲ.

ಇತಿಹಾಸ

ಗಣಕಕ್ಕೆ ಕಾಂತೀಯ ಟೇಪ್ ಬಂದದ್ದು 1951ರಲ್ಲಿ, ಯೂನಿವ್ಯಾಕ್ ಯಂತ್ರದ ಯೂನಿಸರ್ವೊ ಡ್ರೈವ್‌ನೊಂದಿಗೆ. ಅದರ ಟೇಪ್ ನಿಕಲ್ ಲೇಪಿಸಿದ ಲೋಹದ ಪಟ್ಟಿ. 1952ರಲ್ಲಿ ಐಬಿಎಂ ತನ್ನ 726 ಡ್ರೈವ್ ಪ್ರಕಟಿಸಿತು. ಮುಂದಿನ ಎರಡು ದಶಕಗಳ ಕಾಲ ಟೇಪ್ ಬದಲಿಸುವುದು ಆಪರೇಟರ್‌ಗಳ ಕೆಲಸವೇ ಆಗಿತ್ತು. ಇಂಥ ಸಂಖ್ಯೆಯ ಟೇಪನ್ನು ಇಂಥ ಡ್ರೈವ್‌ಗೆ ಹಾಕು ಎಂದು ಗಣಕ ಸಂದೇಶ ಕೊಡುತ್ತಿತ್ತು. ಆಪರೇಟರ್ ಕಪಾಟಿನಿಂದ ಹತ್ತೂವರೆ ಇಂಚು ವ್ಯಾಸದ ಸುರುಳಿಯನ್ನು ತಂದು ಏರಿಸುತ್ತಿದ್ದರು. ಸುರುಳಿಯ ಹಿಂಬದಿಯ ಪ್ಲಾಸ್ಟಿಕ್ ಉಂಗುರ ತೆಗೆದರೆ ಆ ಟೇಪಿನ ಮೇಲೆ ಬರೆಯಲಾಗುತ್ತಿರಲಿಲ್ಲ. ಹಳೆಯದನ್ನು ಓದುವಾಗ ಅಳಿಸಿಹೋಗದಿರಲಿ ಎಂಬ ಆ ಕಾಳಜಿ ಇಂದಿನ ಕಾರ್ಟ್ರಿಜ್‌ನ ಬರಹತಡೆ ಗುಂಡಿಯಲ್ಲಿ ಉಳಿದುಕೊಂಡಿದೆ.

1974ರಲ್ಲಿ ಐಬಿಎಂ 3850 ಎಂಬ ಸಾಮೂಹಿಕ ಸಂಗ್ರಹ ವ್ಯವಸ್ಥೆ ಬಂತು. ಜೇನುಗೂಡಿನಂಥ ಕೋಶಗಳಲ್ಲಿ ಸಿಲಿಂಡರ್ ಆಕಾರದ ಪುಟ್ಟ ಕಾರ್ಟ್ರಿಜ್‌ಗಳು. ಒಂದೊಂದರಲ್ಲಿ ಸುಮಾರು 50 ಮೆಗಾಬೈಟ್. ಬೇಕಾದ್ದನ್ನು ಯಂತ್ರವೇ ಎತ್ತಿ ಓದಿ ಡಿಸ್ಕ್‌ಗೆ ಇಳಿಸುತ್ತಿತ್ತು. 1984ರಲ್ಲಿ ಐಬಿಎಂ 3480 ಡ್ರೈವ್‌ನೊಂದಿಗೆ ಅಂಗೈಯಲ್ಲಿ ಹಿಡಿಯುವ ಆಯತಾಕಾರದ ಕಾರ್ಟ್ರಿಜ್ ರೂಢಿಗೆ ಬಂತು. ಸುರುಳಿಗಿಂತ ಇದನ್ನು ಹಿಡಿಯುವುದು ಯಂತ್ರದ ಬೆರಳುಗಳಿಗೆ ಸುಲಭವಾಗಿತ್ತು. 1987ರಲ್ಲಿ ಸ್ಟೋರೇಜ್ ಟೆಕ್ನಾಲಜಿ ಕಂಪನಿಯ 4400 ಲೈಬ್ರರಿ ಬಂತು. ಹನ್ನೆರಡು ಮೂಲೆಗಳ ಕಣಜದಂಥ ಕೋಣೆಯಲ್ಲಿ ಸುಮಾರು 6,000 ಕಾರ್ಟ್ರಿಜ್, ನಡುವೆ ತಿರುಗುವ ರೋಬಾಟ್ ತೋಳು. ಟೇಪ್ ಲೈಬ್ರರಿ ಎಂಬ ಮಾತಿಗೆ ಇಂದಿಗೂ ಮನಸ್ಸಿಗೆ ಬರುವ ಚಿತ್ರ ಇದೇ.

ಎಚ್‌ಪಿ, ಐಬಿಎಂ, ಸೀಗೇಟ್ ಕೂಡಿ ರೂಪಿಸಿದ ಎಲ್‌ಟಿಒ 2000ದಲ್ಲಿ 100 ಗಿಗಾಬೈಟ್‌ನಿಂದ ಆರಂಭವಾಯಿತು. 2017ರ 8ನೇ ಪೀಳಿಗೆ 12 ಟೆರಾಬೈಟ್‌ಗೂ 2021ರ 9ನೇ ಪೀಳಿಗೆ 18 ಟೆರಾಬೈಟ್‌ಗೂ ಬೆಳೆಯಿತು. ಹಿಡಿಯುವ ಪ್ರಮಾಣ 180 ಪಟ್ಟು ಏರಿದರೆ ಓದುವ ವೇಗ ಏರಿದ್ದು ಸುಮಾರು 20 ಪಟ್ಟು ಮಾತ್ರ. ಮೊದಲ ಪೀಳಿಗೆಯ ಟೇಪ್ ಒಂದೂವರೆ ಗಂಟೆಯೊಳಗೆ ಓದಿ ಮುಗಿಯುತ್ತಿತ್ತು, 9ನೆಯದಕ್ಕೆ ಹನ್ನೆರಡೂವರೆ ಗಂಟೆ ಬೇಕು. ಟೇಪ್ ಬದಲಾವಣೆಗಳು ಕಡಿಮೆಯಾದವು. ಆದರೆ ಅವು ಬರುವುದು ಯಾರೂ ಇಲ್ಲದ ಹೊತ್ತಿನಲ್ಲಿ.

ಯಂತ್ರದ ಅಂಗಗಳು

ಚಿಕ್ಕ ಕಚೇರಿಗೆ ಆಟೋಲೋಡರ್ ಸಾಕು: ಒಂದು ಡ್ರೈವ್, ಎಂಟೋ ಹದಿನಾರೋ ಸ್ಲಾಟ್, ಸರ್ವರ್ ರ‍್ಯಾಕ್‌ನಲ್ಲಿ ಕೂರುವ ಪೆಟ್ಟಿಗೆ. ಹಲವು ಡ್ರೈವ್‌ಗಳೂ ಇಪ್ಪತ್ತನಾಲ್ಕು, ನಲವತ್ತೆಂಟು ಅಥವಾ ಹೆಚ್ಚು ಸ್ಲಾಟ್‌ಗಳೂ ಇದ್ದರೆ ಅದು ಲೈಬ್ರರಿ. ದೊಡ್ಡ ಡೇಟಾ ಸೆಂಟರ್‌ಗಳ ಲೈಬ್ರರಿಗಳಲ್ಲಿ ಹತ್ತಾರು ಸಾವಿರ ಕಾರ್ಟ್ರಿಜ್‌ಗಳಿರುತ್ತವೆ.

ಗಾತ್ರ ಏನೇ ಇರಲಿ, ಒಳಗಿನ ಲೆಕ್ಕ ಒಂದೇ. ಸ್ಕಸಿ ಎಂಬ ಸಂಪರ್ಕ ಮಾನದಂಡವು ಟೇಪ್ ಡ್ರೈವನ್ನು ಒಂದು ಸಾಧನವಾಗಿಯೂ ಟೇಪ್ ಬದಲಿಸುವ ಯಂತ್ರವನ್ನು ಇನ್ನೊಂದು ಸಾಧನವಾಗಿಯೂ ನೋಡುತ್ತದೆ. ಬದಲಿಸುವ ಯಂತ್ರದೊಳಗಿನ ಪ್ರತಿ ಜಾಗವೂ ನಾಲ್ಕು ಬಗೆಗಳಲ್ಲಿ ಒಂದು: ಕಾರ್ಟ್ರಿಜ್ ಹಿಡಿದು ಸಾಗಿಸುವ ತೋಳು, ಕಾರ್ಟ್ರಿಜ್ ಕೂರುವ ಸ್ಲಾಟ್, ಓದಿ ಬರೆಯುವ ಡ್ರೈವ್, ಹೊರಗಿನಿಂದ ಟೇಪ್ ಹಾಕಿ ತೆಗೆಯುವ ಕಿಂಡಿ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಗಣಕ ಕೊಡುವ ಮುಖ್ಯ ಆಜ್ಞೆಗಳೂ ಬೆರಳೆಣಿಕೆಯವು: ಎಲ್ಲ ಜಾಗಗಳನ್ನು ಪರಿಶೀಲಿಸು, ಎಲ್ಲೆಲ್ಲಿ ಏನಿದೆ ಹೇಳು, ಇಲ್ಲಿಂದ ಎತ್ತಿ ಅಲ್ಲಿಡು.

ಕಾರ್ಟ್ರಿಜ್‌ಗೆ ಗುರುತು ಬಾರ್‌ಕೋಡ್. ಎಲ್‌ಟಿಒ ಚೀಟಿಯಲ್ಲಿ ಸಾಮಾನ್ಯವಾಗಿ ಎಂಟು ಅಕ್ಷರ: ಮೊದಲ ಆರು ಟೇಪಿನ ಹೆಸರು, ಕೊನೆಯ ಎರಡು ಪೀಳಿಗೆಯ ಗುರುತು. ಸ್ಲಾಟ್ ಸಂಖ್ಯೆ ವಿಳಾಸವಿದ್ದಂತೆ, ಬಾರ್‌ಕೋಡ್ ಹೆಸರಿದ್ದಂತೆ. ಇಂದು 5ನೇ ಸ್ಲಾಟ್‌ನಲ್ಲಿದ್ದ ಟೇಪ್ ನಾಳೆ 11ರಲ್ಲಿರಬಹುದು. ವಿಳಾಸವನ್ನೇ ಹೆಸರೆಂದು ನಂಬಿ ಬರೆದ ಸ್ಕ್ರಿಪ್ಟ್ ಯಾರೋ ಎರಡು ಟೇಪ್‌ಗಳನ್ನು ಅದಲು ಬದಲು ಮಾಡಿದ ದಿನವೇ ಎಡವುತ್ತದೆ. ಕಾರ್ಟ್ರಿಜ್ ಒಳಗೆ ಪುಟ್ಟ ಸ್ಮೃತಿ ಚಿಪ್ ಕೂಡ ಇದೆ. ಟೇಪಿನ ಬಳಕೆಯ ಚರಿತ್ರೆ ಅದರಲ್ಲಿರುತ್ತದೆ. ಡ್ರೈವ್ ಅದನ್ನು ತಂತಿಯಿಲ್ಲದೆ ಓದುತ್ತದೆ.

ಒಂದು ಬದಲಾವಣೆ, ಹತ್ತಿರದಿಂದ

ಮೊದಲ ಟೇಪಿನ ದತ್ತಾಂಶ ಮುಗಿದದ್ದನ್ನು ರೀಸ್ಟೋರ್ ತಂತ್ರಾಂಶ ಗುರುತಿಸುತ್ತದೆ. ಟೇಪ್ ಇನ್ನೂ ಡ್ರೈವ್ ಒಳಗಿನ ಸುರುಳಿಗೆ ಸುತ್ತಿಕೊಂಡಿರುತ್ತದೆ; ಎಲ್‌ಟಿಒ ಕಾರ್ಟ್ರಿಜ್‌ನೊಳಗೆ ಸುರುಳಿ ಒಂದೇ, ಇನ್ನೊಂದು ಇರುವುದು ಡ್ರೈವ್‌ನಲ್ಲಿ. 8ನೇ ಪೀಳಿಗೆಯಲ್ಲಿ ಟೇಪಿನ ಉದ್ದ 960 ಮೀಟರ್. ಓದಿದ ಜಾಗದಿಂದ ಅದನ್ನು ಪೂರಾ ಹಿಂದಕ್ಕೆ ಸುತ್ತದೆ ಹೊರತೆಗೆಯುವಂತಿಲ್ಲ. ಸುತ್ತಿ ಮುಗಿದ ಮೇಲೆ ಟೇಪಿನ ತುದಿಯ ಲೋಹದ ಪಿನ್ ಕಾರ್ಟ್ರಿಜ್‌ನ ಬಾಯಲ್ಲಿ ಮತ್ತೆ ಕೂರುತ್ತದೆ, ಡ್ರೈವ್ ಕಾರ್ಟ್ರಿಜ್ ಅನ್ನು ಅರ್ಧ ಹೊರಗೆ ತಳ್ಳುತ್ತದೆ.

ಈಗ ತೋಳಿನ ಸರದಿ. ಅದು ಡ್ರೈವ್‌ನ ಮುಂದೆ ಬಂದು ನಿಂತು ಕಾರ್ಟ್ರಿಜ್ ಹಿಡಿದು, ಅದು ಬಂದಿದ್ದ ಸ್ಲಾಟ್‌ನಲ್ಲೇ ಮರಳಿ ಇಡುತ್ತದೆ. ಮುಂದಿನ ಟೇಪಿನ ಸ್ಲಾಟ್‌ಗೆ ಹೋಗಿ ಅದನ್ನು ಎತ್ತಿ ಡ್ರೈವ್‌ನ ಬಾಯಿಗೆ ಕೊಡುತ್ತದೆ. ಡ್ರೈವ್ ಅದನ್ನು ಒಳಗೆಳೆದು, ಪಿನ್ ಹಿಡಿದು, ಟೇಪನ್ನು ತನ್ನ ಸುರುಳಿಗೆ ಪೋಣಿಸಿ, ಚಿಪ್ ಓದಿ ಸಿದ್ಧ ಎನ್ನುತ್ತದೆ. ತೋಳು ಟೇಪ್ ಕೊಟ್ಟ ಕ್ಷಣಕ್ಕೂ ಡ್ರೈವ್ ಸಿದ್ಧವಾದ ಕ್ಷಣಕ್ಕೂ ನಡುವೆ ಹಲವು ಸೆಕೆಂಡುಗಳ ಅಂತರವಿದೆ. ಕೈಯಾರೆ ಬರೆದ ಸ್ಕ್ರಿಪ್ಟ್‌ಗಳು ಹೆಚ್ಚಾಗಿ ಸೋಲುವುದು ಈ ಅಂತರದಲ್ಲೇ. ಟೇಪ್ ಇಟ್ಟಾಯಿತು ಎಂದು ತೋಳು ಹೇಳಿದ ಕೂಡಲೇ ಓದಲು ಹೊರಟರೆ ಡ್ರೈವ್ ದೋಷ ಹೇಳುತ್ತದೆ, ರೀಸ್ಟೋರ್ ಅಲ್ಲಿಗೇ ನಿಲ್ಲುತ್ತದೆ. ಡ್ರೈವ್ ಸಿದ್ಧವಾಗುವವರೆಗೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಕೇಳುತ್ತ ಕಾಯುವುದು ಸರಿಯಾದ ಕ್ರಮ. ಆ ಕಾಯುವಿಕೆಗೂ ಒಂದು ಮಿತಿ ಇರಬೇಕು.

ಕೊನೆಯ ಹೆಜ್ಜೆ ಗುರುತಿನ ಪರೀಕ್ಷೆ. ಟೇಪಿನ ಆರಂಭದಲ್ಲಿ ಬರೆದ ಲೇಬಲ್ ಓದಿ, ಕೇಳಿದ ಟೇಪ್ ಇದೇ ಹೌದೇ ಎಂದು ತಂತ್ರಾಂಶ ಖಚಿತ ಮಾಡಿಕೊಳ್ಳುತ್ತದೆ. ಬಾರ್‌ಕೋಡ್ ಹೊರಗಿನ ಚೀಟಿ, ಅದನ್ನು ತಪ್ಪಾಗಿ ಅಂಟಿಸಿರಬಹುದು. ಒಳಗಿನ ಲೇಬಲ್ಲಿನ ಮಾತೇ ಕೊನೆಯ ಮಾತು.

ತಂತ್ರಾಂಶ

ಯುನಿಕ್ಸ್, ಲಿನಕ್ಸ್ ಲೋಕದಲ್ಲಿ ಟೇಪ್ ಬದಲಾವಣೆಯ ಅತಿ ಸರಳ ಸಲಕರಣೆ ಎಂಟಿಎಕ್ಸ್ ಎಂಬ ಆಜ್ಞೆ. ಸ್ಥಿತಿ ಹೇಳು ಎಂದರೆ ಯಾವ ಸ್ಲಾಟ್‌ನಲ್ಲಿ ಯಾವ ಬಾರ್‌ಕೋಡ್ ಇದೆ ಎಂದು ಪಟ್ಟಿ ಕೊಡುತ್ತದೆ. 5ನೇ ಸ್ಲಾಟ್‌ನ ಟೇಪನ್ನು 0 ಸಂಖ್ಯೆಯ ಡ್ರೈವ್‌ಗೆ ಏರಿಸು ಎಂದರೆ ಏರಿಸುತ್ತದೆ. ಅದರ ಜೊತೆಗಾರ ಎಂಟಿ ಎಂಬ ಆಜ್ಞೆ. ಅದು ಡ್ರೈವ್ ಜೊತೆ ಮಾತಾಡುತ್ತದೆ: ಹಿಂದಕ್ಕೆ ಸುತ್ತು, ಇಷ್ಟು ಕಡತ ಮುಂದೆ ಹೋಗು, ಟೇಪ್ ಹೊರಗೆ ಹಾಕು. ಇವೆರಡನ್ನು ಸೇರಿಸಿದರೆ ಒಂದು ಪುಟ್ಟ ರೋಬಾಟ್ ಆಪರೇಟರ್ ಸಿದ್ಧ.

ಇವನ್ನು ರೀಸ್ಟೋರ್‌ಗೆ ಜೋಡಿಸುವ ಕೊಂಡಿ ಹಳೆಯ ಸಲಕರಣೆಗಳಲ್ಲೇ ಇದೆ. ಗ್ನು ಟಾರ್ ಎಂಬ ಆಜ್ಞೆ ಹಲವು ಟೇಪ್‌ಗಳ ಮೇಲೆ ಹರಡಿದ ಸಂಗ್ರಹವನ್ನು ಓದುವಾಗ ಒಂದು ಟೇಪ್ ಮುಗಿದರೆ, ಮುಂದಿನ ಸಂಪುಟ ಹಾಕಿ ಎಂಟರ್ ಒತ್ತಿ ಎಂದು ಕೇಳುತ್ತ ನಿಲ್ಲುತ್ತದೆ. ಅದಕ್ಕೆ ಮೊದಲೇ ಒಂದು ಸ್ಕ್ರಿಪ್ಟ್ ಹೆಸರು ಕೊಟ್ಟಿದ್ದರೆ ಮನುಷ್ಯರನ್ನು ಕೇಳುವ ಬದಲು ಆ ಸ್ಕ್ರಿಪ್ಟ್ ಓಡಿಸುತ್ತದೆ. ಯಾವ ಸಂಖ್ಯೆಯ ಸಂಪುಟ ಬೇಕು ಎಂಬುದನ್ನೂ ಅದಕ್ಕೆ ತಿಳಿಸುತ್ತದೆ. ಸ್ಕ್ರಿಪ್ಟ್ ಹಳೆಯ ಟೇಪ್ ಇಳಿಸಿ ಹೊಸದನ್ನು ಏರಿಸಿ ಸೊನ್ನೆ ಹಿಂತಿರುಗಿಸಿದರೆ ಟಾರ್ ಮುಂದುವರಿಯುತ್ತದೆ, ಬೇರೆ ಸಂಖ್ಯೆ ಬಂದರೆ ನಿಲ್ಲುತ್ತದೆ. ತುಂಡಾದ ಕಡತದ ಉಳಿದ ಭಾಗವೇ ಹೊಸ ಟೇಪಿನ ಆರಂಭದಲ್ಲಿದೆಯೇ ಎಂದು ಟಾರ್ ತಾನೇ ನೋಡುತ್ತದೆ. ತಪ್ಪು ಟೇಪ್ ಬಂದರೆ ಒಪ್ಪುವುದಿಲ್ಲ.

ಲಿನಕ್ಸ್‌ನ ಡಂಪ್ ಎಂಬ ಬ್ಯಾಕಪ್ ಆಜ್ಞೆಯ ಜೋಡಿ ರೀಸ್ಟೋರ್ ಆಜ್ಞೆಯಲ್ಲಿ ಈ ಒಪ್ಪಂದ ಇನ್ನೂ ಸ್ಪಷ್ಟ. ಪ್ರತಿ ಟೇಪಿನ ಆರಂಭದಲ್ಲಿ ಅದು ಸ್ಕ್ರಿಪ್ಟನ್ನು ಕರೆದು ಸಾಧನದ ಹೆಸರನ್ನೂ ಸಂಪುಟ ಸಂಖ್ಯೆಯನ್ನೂ ಕೊಡುತ್ತದೆ. ಸ್ಕ್ರಿಪ್ಟ್ 0 ಎಂದರೆ ಯಾರನ್ನೂ ಕೇಳದೆ ಮುಂದುವರಿ. 1 ಎಂದರೆ ಮುಂದುವರಿ, ಆದರೆ ಟೇಪ್ ಬದಲಿಸಲು ಮನುಷ್ಯರನ್ನು ಕೇಳು. ಬೇರೆ ಏನಾದರೂ ಬಂದರೆ ನಿಲ್ಲಿಸು. ಯಂತ್ರದಿಂದ ಆಗದ್ದನ್ನು ಮನುಷ್ಯರಿಗೆ ಒಪ್ಪಿಸುವ ದಾರಿಯನ್ನು ತೆರೆದಿಟ್ಟ ಈ ನಡುವಿನ ಉತ್ತರ ಒಳ್ಳೆಯ ವಿನ್ಯಾಸಕ್ಕೆ ಮಾದರಿ.

ಇಡೀ ಸಂಸ್ಥೆಯ ಬ್ಯಾಕಪ್‌ಗೆ ಇದು ಸಾಲದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ ಅಮಾಂಡಾ ತಂತ್ರಾಂಶದಲ್ಲಿ ಟೇಪ್ ಬದಲಿಸುವ ಭಾಗವನ್ನು ಬೇರೆಯಾಗಿ ಇಟ್ಟರು. ಲೈಬ್ರರಿ ಇದ್ದರೆ ರೋಬಾಟ್ ಚಾಲಕ, ಇಲ್ಲದಿದ್ದರೆ ಮನುಷ್ಯರನ್ನು ಕೇಳುವ ಚಾಲಕ, ಟೇಪೇ ಇಲ್ಲದಿದ್ದರೆ ಡಿಸ್ಕ್‌ನ ಕೋಶಗಳನ್ನೇ ಟೇಪ್ ಎಂದು ತೋರಿಸುವ ಚಾಲಕ. ಅಮಾಂಡಾದ ಇನ್ನೊಂದು ಗುಣ, ಟೇಪಿನಲ್ಲಿ ಪ್ರತಿ ಬ್ಯಾಕಪ್‌ನ ಮುಂದೆ ಬರೆಯುವ 32 ಕಿಲೋಬೈಟ್‌ನ ಶಿರೋಲೇಖ. ಅದು ಓದಬಲ್ಲ ಸರಳ ಪಠ್ಯ. ಇದನ್ನು ಬಿಚ್ಚಲು ಯಾವ ಆಜ್ಞೆ ಬೇಕು ಎಂಬುದೂ ಅಲ್ಲೇ ಇರುತ್ತದೆ. ಅಮಾಂಡಾ ಇಲ್ಲದ ಗಣಕದಲ್ಲೂ ಆ ಟೇಪ್ ತನ್ನ ಕತೆ ತಾನೇ ಹೇಳುತ್ತದೆ.

ಕೆರ್ನ್ ಸಿಬಾಲ್ಡ್ 2000ದಲ್ಲಿ ಬರೆಯಲು ಆರಂಭಿಸಿ 2002ರಲ್ಲಿ ಬಿಡುಗಡೆ ಮಾಡಿದ ಬಾಕ್ಯುಲಾ ತಂತ್ರಾಂಶ ಲೈಬ್ರರಿಯೊಂದಿಗೆ ಒಂದು ಪುಟ್ಟ ಸ್ಕ್ರಿಪ್ಟ್ ಮೂಲಕ ಮಾತಾಡುತ್ತದೆ. ಅದಕ್ಕೆ ಐದಾರು ಮಾತುಗಳಷ್ಟೇ ಗೊತ್ತು: ಎಷ್ಟು ಸ್ಲಾಟ್ ಇವೆ, ಎಲ್ಲೆಲ್ಲಿ ಏನಿದೆ, ಈಗ ಡ್ರೈವ್‌ನಲ್ಲಿ ಏನಿದೆ, ಏರಿಸು, ಇಳಿಸು. ಟೇಪ್ ಏರಿಸಿದ ಮೇಲೆ ಡ್ರೈವ್ ಸಿದ್ಧವಾಗುವವರೆಗೆ ಕಾಯುವ ಕೆಲಸವೂ ಆ ಸ್ಕ್ರಿಪ್ಟ್‌ನದೇ. ಬೇರೆ ತಯಾರಕರ ಯಂತ್ರ ಬಂದರೆ ಸ್ಕ್ರಿಪ್ಟನ್ನು ತಿದ್ದಿದರೆ ಸಾಕು, ಉಳಿದದ್ದು ಹಾಗೇ ಇರುತ್ತದೆ.

ಕ್ಯಾಟಲಾಗ್ ಮತ್ತು ಕ್ರಮ

ಯಾವ ಟೇಪ್ ಬೇಕು ಎಂದು ನಿರ್ಧರಿಸುವುದೇ ರೀಸ್ಟೋರ್‌ನ ನಿಜವಾದ ಬುದ್ಧಿ. ಭಾನುವಾರ ಪೂರ್ಣ ಬ್ಯಾಕಪ್, ಉಳಿದ ದಿನ ಬದಲಾದ ಕಡತಗಳಷ್ಟೇ ಎಂಬ ಪದ್ಧತಿ ಇರುವಲ್ಲಿ ಗುರುವಾರ ಬೆಳಿಗ್ಗೆ ಸರ್ವರ್ ಕೆಟ್ಟರೆ ಭಾನುವಾರದ್ದು, ಸೋಮವಾರದ್ದು, ಮಂಗಳವಾರದ್ದು, ಬುಧವಾರದ್ದು ನಾಲ್ಕೂ ಬೇಕು. ಕ್ಯಾಟಲಾಗ್ ನೋಡಿ ತಂತ್ರಾಂಶ ಮೊದಲೇ ಟೇಪ್‌ಗಳ ಪಟ್ಟಿ ಮಾಡುತ್ತದೆ. ಬಾಕ್ಯುಲಾದಲ್ಲಿ ಇದಕ್ಕೆ ಬೂಟ್‌ಸ್ಟ್ರಾಪ್ ಕಡತ ಎಂದು ಹೆಸರು: ಯಾವ ಟೇಪ್, ಅದರಲ್ಲಿ ಎಷ್ಟನೆಯ ಜಾಗದಿಂದ ಎಷ್ಟನೆಯದವರೆಗೆ ಎಂಬ ಪಟ್ಟಿ. ಈ ಪಟ್ಟಿ ಕೈಗೆ ಬಂದಾಗಲೇ ಲೈಬ್ರರಿಯಲ್ಲಿ ಇಲ್ಲದ ಟೇಪ್ ಯಾವುದು ಎಂದು ನೋಡಿಕೊಳ್ಳಬೇಕು. ರಾತ್ರಿ ಮೂರು ಗಂಟೆಗೆ ಮೂರನೆಯ ಟೇಪ್ ಕೇಳಿದಾಗ ಅದು ಬೇರೆ ಕಟ್ಟಡದ ಕಪಾಟಿನಲ್ಲಿದೆ ಎಂದು ತಿಳಿಯುವುದಕ್ಕಿಂತ ಸಂಜೆ ಆರಕ್ಕೆ ತಿಳಿಯುವುದು ಎಷ್ಟೋ ಮೇಲು.

ಕ್ರಮ ತಪ್ಪಿದರೆ ರೋಬಾಟ್ ಇದ್ದೂ ಪ್ರಯೋಜನವಿಲ್ಲ. ಹತ್ತು ಸಾವಿರ ಕಡತಗಳನ್ನು ಹೆಸರಿನ ಅಕಾರಾದಿಯಲ್ಲಿ ಒಂದೊಂದಾಗಿ ಕೇಳಿದರೆ ಯಂತ್ರ ಅದೇ ಟೇಪ್‌ಗಳನ್ನು ನೂರಾರು ಸಲ ಏರಿಸಿ ಇಳಿಸಬೇಕಾದೀತು. ಟೇಪ್‌ವಾರು ಗುಂಪು ಮಾಡಿ, ಪ್ರತಿ ಟೇಪನ್ನು ಒಂದೇ ಸಲ ಏರಿಸಿ, ಅದರಲ್ಲಿ ಬೇಕಾದ್ದನ್ನೆಲ್ಲ ಓದಿ ಇಳಿಸುವುದು ಸರಿಯಾದ ವಿಧಾನ. ಟೇಪಿನೊಳಗೂ ಕ್ರಮವಿದೆ. ಎಲ್‌ಟಿಒ ಟೇಪಿನ ಮೇಲೆ ದತ್ತಾಂಶ ಗದ್ದೆ ಉತ್ತ ಸಾಲುಗಳಂತೆ ಕೂರುತ್ತದೆ: ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ಅಲ್ಲಿಂದ ತಿರುಗಿ, ಮತ್ತೆ ಹಿಂದಕ್ಕೆ. 8ನೇ ಪೀಳಿಗೆಯಲ್ಲಿ ಇಂಥ ಸಾಲುಗಳು 208. ಹಾಗಾಗಿ ಬರೆದ ಕ್ರಮದಲ್ಲಿ ಬಹಳ ದೂರವಿರುವ ಎರಡು ಕಡತಗಳು ಟೇಪಿನ ಮೇಲೆ ಅಕ್ಕಪಕ್ಕದ ಸಾಲಿನಲ್ಲಿರಬಹುದು. ಬಿಡಿ ಕಡತಗಳನ್ನು ಯಾವ ಕ್ರಮದಲ್ಲಿ ಓದಿದರೆ ಓಡಾಟ ಕಡಿಮೆ ಎಂದು ಸಲಹೆ ಕೊಡುವ ಸೌಲಭ್ಯ 9ನೇ ಪೀಳಿಗೆಯ ಡ್ರೈವ್‌ಗಳಲ್ಲಿ ಸೇರಿದೆ.

ಬ್ಯಾಕಪ್ ಹೊತ್ತಿನಲ್ಲಿ ಮಾಡಿದ ಆಯ್ಕೆಗಳ ಫಲ ಇಲ್ಲಿ ಕಾಣುತ್ತದೆ. ವೇಗಕ್ಕಾಗಿ ಹತ್ತು ಸರ್ವರ್‌ಗಳ ದತ್ತಾಂಶವನ್ನು ಒಂದೇ ಟೇಪಿಗೆ ಹೆಣೆದು ಬರೆದಿದ್ದರೆ ಒಂದು ಸರ್ವರ್‌ಗಾಗಿ ಹತ್ತರ ದತ್ತಾಂಶವನ್ನೂ ದಾಟಿ ಓದಬೇಕು. ಪೂರ್ಣ ಬ್ಯಾಕಪ್ ಒಮ್ಮೆ ಮಾತ್ರ ಮಾಡಿ ಆಮೇಲೆ ಬದಲಾದದ್ದನ್ನಷ್ಟೇ ಸೇರಿಸುತ್ತ ಹೋಗುವ ಪದ್ಧತಿಯಲ್ಲಿ ಒಂದು ಗಣಕದ ಕಡತಗಳು ವರ್ಷಗಳ ಅವಧಿಯ ಹತ್ತಾರು ಟೇಪ್‌ಗಳಲ್ಲಿ ಚದುರಿರುತ್ತವೆ. ಇದಕ್ಕೆ ಪರಿಹಾರವಾಗಿ ಐಬಿಎಂನ ಬ್ಯಾಕಪ್ ತಂತ್ರಾಂಶ ಒಂದು ಗಣಕದ ದತ್ತಾಂಶವನ್ನು ಆದಷ್ಟು ಕಡಿಮೆ ಟೇಪ್‌ಗಳಲ್ಲಿ ಒಟ್ಟಿಗೆ ಇಡುವ ವ್ಯವಸ್ಥೆ ಮಾಡಿದೆ. ರೀಸ್ಟೋರ್ ದಿನದ ಟೇಪ್ ಬದಲಾವಣೆಗಳ ಸಂಖ್ಯೆ ಬ್ಯಾಕಪ್ ದಿನವೇ ನಿರ್ಧಾರವಾಗಿರುತ್ತದೆ.

ಕ್ಯಾಟಲಾಗ್ ಇದ್ದ ಸರ್ವರೇ ಸುಟ್ಟುಹೋದರೆ? ಟೇಪ್‌ಗಳನ್ನು ಒಂದೊಂದಾಗಿ ಪೂರ್ತಿ ಓದಿ ಕ್ಯಾಟಲಾಗನ್ನು ಮರಳಿ ಕಟ್ಟಬಹುದು. ಬಾಕ್ಯುಲಾದಲ್ಲಿ ಅದಕ್ಕೆ ಪ್ರತ್ಯೇಕ ಸಲಕರಣೆಯೇ ಇದೆ. ಆದರೆ ತುಂಬಿದ ಟೇಪ್ ಒಂದಕ್ಕೆ ಒಂಬತ್ತು ಗಂಟೆಯಂತೆ ಲೆಕ್ಕ ಹಾಕಿದರೆ ನೂರು ಟೇಪ್‌ಗೆ ಒಂದು ಡ್ರೈವ್‌ನಲ್ಲಿ ತಿಂಗಳಿಗೂ ಮೀರಿದ ಕೆಲಸ. ಕ್ಯಾಟಲಾಗ್‌ನ ಬ್ಯಾಕಪ್ ಬೇರೆ ಜಾಗದಲ್ಲಿರಬೇಕು, ಅದು ಯಾವ ಟೇಪಿನಲ್ಲಿದೆ ಎಂಬುದು ಕಾಗದದ ಮೇಲೂ ಬರೆದಿರಬೇಕು.

ಎಡವುವ ಜಾಗಗಳು

ಹಲವು ಡ್ರೈವ್ ಇರುವ ಲೈಬ್ರರಿಯಲ್ಲಿ ಯಂತ್ರದ ಲೆಕ್ಕದ 0 ಸಂಖ್ಯೆಯ ಡ್ರೈವ್ ಕಾರ್ಯಾಚರಣ ವ್ಯವಸ್ಥೆಯ ಲೆಕ್ಕದಲ್ಲೂ ಮೊದಲನೆಯದೇ ಆಗಬೇಕೆಂದಿಲ್ಲ. ಸರ್ವರ್ ಮತ್ತೆ ಶುರುವಾದಾಗ ಹೆಸರುಗಳು ಅದಲು ಬದಲಾಗಬಹುದು. ತೋಳು ಒಂದು ಡ್ರೈವ್‌ಗೆ ಟೇಪ್ ಹಾಕುತ್ತದೆ, ತಂತ್ರಾಂಶ ಪಕ್ಕದ ಖಾಲಿ ಡ್ರೈವ್‌ನಲ್ಲಿ ಹುಡುಕುತ್ತದೆ. ಡ್ರೈವ್‌ನ ಸರಣಿ ಸಂಖ್ಯೆಗೆ ಕಟ್ಟಿದ ಸ್ಥಿರ ಹೆಸರು ಬಳಸಿದರೆ ಈ ಗೊಂದಲವಿಲ್ಲ.

ಪೀಳಿಗೆಯ ಹೊಂದಾಣಿಕೆ ಇನ್ನೊಂದು. 7ನೇ ಪೀಳಿಗೆಯವರೆಗಿನ ಎಲ್‌ಟಿಒ ಡ್ರೈವ್‌ಗಳು ಎರಡು ಪೀಳಿಗೆ ಹಿಂದಿನ ಟೇಪ್‌ವರೆಗೂ ಓದುತ್ತಿದ್ದವು. 8ನೆಯದು ಓದುವುದು ಒಂದೇ ಪೀಳಿಗೆ ಹಿಂದಿನದನ್ನು. 6ನೇ ಪೀಳಿಗೆಯ ಟೇಪ್ ಕೊಟ್ಟರೆ ಹೊರಗೆ ಹಾಕುತ್ತದೆ. ಹೊಸ ಲೈಬ್ರರಿ ಕೊಂಡು ಹಳೆಯದನ್ನು ಮಾರುವ ಮೊದಲು ಹಳೆಯ ಟೇಪ್‌ಗಳನ್ನು ಹೊಸದಕ್ಕೆ ನಕಲು ಮಾಡಿಕೊಳ್ಳಬೇಕು.

ಡ್ರೈವ್‌ನ ತಲೆ ಮಲಿನವಾದರೆ ಅದು ಎಚ್ಚರಿಕೆಯ ಸಂಕೇತ ಕೊಡುತ್ತದೆ. ಶುಚಿಗೊಳಿಸುವ ಕಾರ್ಟ್ರಿಜ್ ಒಂದು ಸ್ಲಾಟ್‌ನಲ್ಲಿ ಯಾವಾಗಲೂ ಇದ್ದರೆ ಲೈಬ್ರರಿ ತಾನೇ ಅದನ್ನು ಬಳಸುತ್ತದೆ. ಸಾಮಾನ್ಯವಾಗಿ ಅದು 50 ಸಲಕ್ಕೆ ಬರುತ್ತದೆ, ಆಮೇಲೆ ಬದಲಿಸಬೇಕು. 4ನೇ ಪೀಳಿಗೆಯಿಂದ ಡ್ರೈವ್‌ಗಳಲ್ಲೇ ಗೂಢಲಿಪಿ ಸೌಲಭ್ಯವಿದೆ. ಕೀಲಿ ಕಳೆದುಹೋದರೆ ಸರಿಯಾದ ಟೇಪ್ ಸರಿಯಾದ ಹೊತ್ತಿಗೆ ಬಂದರೂ ಅದು ಖಾಲಿ ಟೇಪಿಗೆ ಸಮ. ರೀಸ್ಟೋರ್ ನಡೆಯುತ್ತಿರುವಾಗಲೇ ರಾತ್ರಿಯ ಬ್ಯಾಕಪ್ ಕೆಲಸ ಎಂದಿನಂತೆ ಆರಂಭವಾಗಿ ಡ್ರೈವ್ ಹಿಡಿದುಕೊಳ್ಳುವುದೂ ಉಂಟು. ರೀಸ್ಟೋರ್‌ಗೆ ಹೆಚ್ಚಿನ ಆದ್ಯತೆ ಕೊಡಬೇಕು, ಓದುತ್ತಿರುವ ಟೇಪ್‌ಗಳ ಬರಹತಡೆ ಗುಂಡಿ ಹಾಕಿರಬೇಕು. ಆ ಗುಂಡಿ ಹಾಕುವುದನ್ನು ಮರೆತರೆ ಉಳಿದಿದ್ದ ಏಕೈಕ ಪ್ರತಿಯ ಮೇಲೆ ಹೊಸ ಬ್ಯಾಕಪ್ ಬರೆದುಬಿಡುವ ಅಪಾಯವಿದೆ.

ರೋಬಾಟ್‌ಗಿಂತ ಕೈ ಮೇಲಾದಾಗ

2011ರ ಫೆಬ್ರುವರಿಯಲ್ಲಿ ತಂತ್ರಾಂಶದ ದೋಷದಿಂದ ಕೆಲವು ಜಿಮೇಲ್ ಬಳಕೆದಾರರ ಪತ್ರಗಳು ಕಾಣೆಯಾದಾಗ ಗೂಗಲ್ ಅವನ್ನು ಟೇಪ್‌ನಿಂದ ಮರಳಿ ತಂದಿತು. ಡಿಸ್ಕ್‌ಗಳ ಮೇಲಿದ್ದ ಹಲವು ಪ್ರತಿಗಳಿಗೂ ದೋಷ ತಟ್ಟಿತ್ತು. ಗಣಕದ ಸಂಪರ್ಕವಿಲ್ಲದೆ ಇದ್ದ ಟೇಪ್ ಉಳಿದುಕೊಂಡಿತ್ತು.

ಮರುವರ್ಷದ ಮಾರ್ಚ್‌ನಲ್ಲಿ ಗೂಗಲ್ ಮ್ಯೂಸಿಕ್ ಸೇವೆಯಲ್ಲಿ ಇನ್ನೂ ದೊಡ್ಡ ಪರೀಕ್ಷೆ ಬಂತು. ಅಳಿಸುವ ಕೆಲಸ ಮಾಡುವ ತಂತ್ರಾಂಶವೊಂದು ತಪ್ಪಿ ಸುಮಾರು 21,000 ಬಳಕೆದಾರರ ಸುಮಾರು 6,00,000 ಧ್ವನಿ ಕಡತಗಳನ್ನು ತೆಗೆದುಹಾಕಿತ್ತು. ಹೊರಗಿನ ದಾಸ್ತಾನಿನಿಂದ 5,000ಕ್ಕೂ ಹೆಚ್ಚು ಟೇಪ್‌ಗಳನ್ನು ಲಾರಿಗಳಲ್ಲಿ ತರಿಸಬೇಕಾಯಿತು. ಅವುಗಳಲ್ಲಿದ್ದ ದತ್ತಾಂಶ ಸುಮಾರು 1.5 ಪೆಟಾಬೈಟ್. ಇಷ್ಟನ್ನು ಲೈಬ್ರರಿಯ ಕಿಂಡಿಯಿಂದ ರೋಬಾಟ್ ಮೂಲಕ ಒಳಗೆ ಸೇರಿಸುವುದಕ್ಕಿಂತ ತಂತ್ರಜ್ಞರೇ ಕೈಯಿಂದ ಸ್ಲಾಟ್‌ಗಳಲ್ಲಿ ಕೂರಿಸುವುದು ಬೇಗ ಎಂದು ಅವರು ಹಿಂದಿನ ವಿಪತ್ತು ತಾಲೀಮುಗಳಲ್ಲೇ ಕಂಡುಕೊಂಡಿದ್ದರು, ಹಾಗೆಯೇ ಮಾಡಿದರು. ಕೆಲವು ಟೇಪ್‌ಗಳು ಕೆಟ್ಟಿದ್ದವು. ಒಂದು ಟೇಪ್ ಹೋದರೂ ಉಳಿದವುಗಳಿಂದ ದತ್ತಾಂಶ ಸಿಗುವ ಹಾಗೆ ಬರೆದಿದ್ದರಿಂದ ನಷ್ಟವಾಗಲಿಲ್ಲ. ಒಟ್ಟು 4,36,223 ಕಡತಗಳು ಟೇಪ್‌ನಲ್ಲಿ ಸಿಕ್ಕವು. ಉಳಿದವು ಬ್ಯಾಕಪ್ ಆಗುವ ಮೊದಲೇ ಅಳಿದಿದ್ದವು. ಅವನ್ನು ಬೇರೆ ದಾರಿಗಳಿಂದ ಸೇರಿಸಿಕೊಳ್ಳಬೇಕಾಯಿತು.

ಸ್ವಯಂಚಾಲನೆಯ ಮಿತಿಯನ್ನು ಈ ಪ್ರಸಂಗ ಚೆನ್ನಾಗಿ ತೋರಿಸುತ್ತದೆ. ರೋಬಾಟ್‌ನ ಬಲ ಇರುವುದು ಗೋಡೆಯೊಳಗೆ. ಗೋಡೆಯ ಹೊರಗಿನ ಟೇಪ್‌ಗೆ ಲಾರಿ ಬೇಕು, ಕಪಾಟಿನ ಪಟ್ಟಿ ಬೇಕು, ಎತ್ತುವ ಕೈ ಬೇಕು. ಕ್ಯಾಟಲಾಗ್ ಸರಿಯಿದ್ದರೆ ಕೈಯಿಂದ ಯಾವ ಸ್ಲಾಟ್‌ಗೆ ಯಾವ ಟೇಪ್ ಹಾಕಿದರೂ ಬಾರ್‌ಕೋಡ್ ನೋಡಿ ಯಂತ್ರ ಗುರುತಿಸಿಕೊಳ್ಳುತ್ತದೆ. ಮನುಷ್ಯರು ಮತ್ತು ಯಂತ್ರ ಜೊತೆಗೂಡಿ ಕೆಲಸ ಮಾಡಲು ಬೇಕಾದ ಸೇತುವೆ ಆ ಎಂಟು ಅಕ್ಷರದ ಚೀಟಿ.

ಭದ್ರತೆ

ಸ್ವಯಂಚಾಲನೆ ಹೆಚ್ಚಿದಷ್ಟೂ ಒಂದು ಅಪಾಯವೂ ಹೆಚ್ಚುತ್ತದೆ. ಲೈಬ್ರರಿಗೆ ಆಜ್ಞೆ ಕೊಡಬಲ್ಲ ಸರ್ವರ್ ದಾಳಿಕೋರರ ಕೈಸೇರಿದರೆ ಒಳಗಿನ ಎಲ್ಲ ಟೇಪ್‌ಗಳನ್ನು ಅವರು ಸಾಲಾಗಿ ಏರಿಸಿ ಅಳಿಸಬಲ್ಲರು. ಸುಲಿಗೆ ತಂತ್ರಾಂಶಗಳ ಕಾಲದಲ್ಲಿ ಇದು ದೂರದ ಮಾತಲ್ಲ. ಆದ್ದರಿಂದ ಒಂದು ಪ್ರತಿಯಾದರೂ ರೋಬಾಟ್‌ನ ತೋಳಿಗೆ ಎಟುಕದ ಕಡೆ, ಕಪಾಟಿನಲ್ಲೋ ಬೇರೆ ಊರಿನಲ್ಲೋ ಇರಬೇಕು. ಆ ಪ್ರತಿಯನ್ನು ಮರಳಿ ತಂದು ಹಾಕಲು ಮನುಷ್ಯರು ಬೇಕಾಗುತ್ತಾರೆ. ಬೇಗ ಸಿಗಬೇಕಾದ ಪ್ರತಿ ಲೈಬ್ರರಿಯ ಒಳಗೆ, ಉಳಿಯಲೇಬೇಕಾದ ಪ್ರತಿ ಹೊರಗೆ: ಎರಡನ್ನೂ ಇಟ್ಟುಕೊಂಡವರೇ ಎರಡು ಬಗೆಯ ಕೆಟ್ಟ ದಿನಗಳನ್ನೂ ದಾಟುತ್ತಾರೆ.

ತಾಲೀಮು

ಟೇಪ್ ಬದಲಾವಣೆಯ ಸ್ಕ್ರಿಪ್ಟನ್ನು ಬ್ಯಾಕಪ್‌ನಲ್ಲಿ ಪ್ರತಿ ರಾತ್ರಿ ಬಳಸಿದರೂ ಅದು ರೀಸ್ಟೋರ್‌ಗೆ ಸಿದ್ಧವೆಂದು ಹೇಳುವಂತಿಲ್ಲ. ಬರೆಯುವಾಗ ಕೇಳುವುದು ಖಾಲಿ ಟೇಪ್. ಇಂಥದ್ದೇ ಬೇಕು ಎಂಬ ಬೇಡಿಕೆ ಅದಕ್ಕೆ ಒಮ್ಮೆಯೂ ಬಂದಿರುವುದಿಲ್ಲ. ಯಂತ್ರವಿಲ್ಲದವರೂ ಅಭ್ಯಾಸ ಮಾಡಬಹುದು. ಲಿನಕ್ಸ್‌ನಲ್ಲಿ ಡಿಸ್ಕ್‌ನ ಮೇಲೆಯೇ ಸ್ಲಾಟ್, ಡ್ರೈವ್, ತೋಳು ಎಲ್ಲ ಇರುವ ಲೈಬ್ರರಿಯಂತೆ ವರ್ತಿಸುವ ಮುಕ್ತ ತಂತ್ರಾಂಶ ಸಿಗುತ್ತದೆ. ಸ್ಕ್ರಿಪ್ಟ್ ತಪ್ಪಿದರೆ ಅಲ್ಲೇ ತಪ್ಪಲಿ.

ಯಂತ್ರ ಇರುವವರು ವರ್ಷಕ್ಕೆ ಒಂದೆರಡು ಬಾರಿಯಾದರೂ ಹಲವು ಟೇಪ್‌ಗಳಿಗೆ ಹರಡಿದ ಒಂದು ಬ್ಯಾಕಪ್ ಆರಿಸಿ, ಬೇರೆ ಸರ್ವರ್‌ಗೆ ಪೂರ್ತಿ ಮರಳಿ ಪಡೆದು ನೋಡಬೇಕು. ಆಗ ನಡುವಿನ ಒಂದು ಟೇಪನ್ನು ಬೇಕೆಂದೇ ಲೈಬ್ರರಿಯಿಂದ ತೆಗೆದಿಡುವುದು ಒಳ್ಳೆಯದು. ವ್ಯವಸ್ಥೆ ಅದನ್ನು ಹೆಸರು ಹಿಡಿದು ಕೇಳುತ್ತದೆಯೇ, ಕೇಳಿದ ಸುದ್ದಿ ಸಂಬಂಧಪಟ್ಟವರ ಫೋನ್‌ಗೆ ತಲುಪುತ್ತದೆಯೇ, ಟೇಪ್ ಮರಳಿ ಹಾಕಿದ ಮೇಲೆ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆಯೇ? ಈ ಮೂರಕ್ಕೂ ಹೌದು ಎಂಬ ಉತ್ತರ ಬಂದ ದಿನವೇ ಆ ಸಂಸ್ಥೆಗೆ ಬ್ಯಾಕಪ್ ಇದೆ ಎಂದು ಹೇಳಬಹುದು. ಅಲ್ಲಿಯವರೆಗೆ ಅದರ ಬಳಿ ಇರುವುದು ಟೇಪ್‌ಗಳು ಮಾತ್ರ.